ಉಪ್ಪಿನ ಗೋದಾಮಿನ ಸ್ಟಾಪು

ಒಂಬತ್ತಕ್ಕೆ ಹೊರಡೋಣ ಎಂದು ತಾನೇ ಹೇಳಿದ್ದ ಕಂಡಕ್ಟರಮ್ಮ ಏಳೂವರೆಗೇ ಕಾರಿನ ಪಕ್ಕ ಬಂದು ನಿಂತಿದ್ದಳು. ಕೆಲಸದಿಂದ ನಿವೃತ್ತಳಾಗಿ ಹತ್ತು ವರ್ಷ ಕಳೆದಿದ್ದರೂ ಬೀದಿಯವರಿಗೆ ಅವಳು ಇವತ್ತಿಗೂ ಕಂಡಕ್ಟರಮ್ಮನೇ. ಅವಳು ಕಂಡಕ್ಟರಾಗಿದ್ದ ಬಸ್ಸಿಗೇ ಅವಳ ಗಂಡ ಡ್ರೈವರು. ಡಿಪೋದವರು ಅವನಿಗಿಟ್ಟ ಹೆಸರು ನಿಧಾನಪ್ಪ. ಆ ಹೆಸರು ಸುಮ್ಮನೆ ಬಂದದ್ದಲ್ಲ. ರಸ್ತೆಗೆ ಅಡ್ಡ ಬಂದ ಕೋಳಿಗೂ ದಾರಿ ಬಿಟ್ಟು, ಅದು ಆ ಕಡೆ ಸೇರಿ ಮೈ ಕೊಡವಿಕೊಂಡ ಮೇಲೆ ಗೇರು ಹಾಕುವ ಮನುಷ್ಯ ಅವನು.

ಡಿಕ್ಕಿಯಲ್ಲಿ ಒಂದು ಸೂಟ್‌ಕೇಸಿತ್ತು. ಅದರೊಳಗೆ ಗಂಡನ ಆರು ಜೊತೆ ಬಟ್ಟೆ, ಎರಡು ಟವೆಲು, ಒಂದು ಜೊತೆ ಚಪ್ಪಲಿ. ಪ್ರತಿ ಅಂಗಿಯ ಕಾಲರಿನ ಒಳಗೂ ಕೆಂಪು ದಾರದಲ್ಲಿ ಮೂವತ್ತೊಂದು ಎಂದು ಹೊಲಿದಿದ್ದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು ಬಿದ್ದಿದ್ದರಿಂದ ಎಡಗೈಯಲ್ಲೇ, ವಾರವೆಲ್ಲ ಕೂತು. ಒಗೆಯುವಾಗ ಒಬ್ಬರ ಬಟ್ಟೆ ಇನ್ನೊಬ್ಬರದಕ್ಕೆ ಬೆರೆಯಬಾರದೆಂದು ಆರೈಕೆ ಮನೆಯವರು ಕೊಟ್ಟ ನಂಬರು ಅದು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಆ ಮನೆ ಇದ್ದದ್ದು ಕಡಲ ದಂಡೆಯ ರಸ್ತೆ ಮುಗಿಯುವಲ್ಲಿ, ತೊಂಬತ್ತು ಕಿಲೋಮೀಟರು ಆಚೆ. ಸಂಜೆ ಐದರೊಳಗೆ ಕರೆತನ್ನಿ ಅಂದಿದ್ದರು.

ಅವಳು ಮೊದಲೇ ಹೋಗಿ ನೋಡಿಕೊಂಡು ಬಂದಿದ್ದಳು. ಮುಂದಿನ ಕಟ್ಟಡದಲ್ಲಿ ಒಂದು ಕೋಣೆ. ಕಿಟಕಿ ತೆಗೆದರೆ ರಸ್ತೆ, ರಸ್ತೆಯಾಚೆ ಕಡಲು, ಗಂಟೆಗೊಂದು ಬಸ್ಸು. ಒಬ್ಬ ಡ್ರೈವರಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಹಿಂದೆ ಇನ್ನೊಂದು ಕಟ್ಟಡವಿತ್ತು, ಕಬ್ಬಿಣದ ಬಾಗಿಲು, ಆಳೆತ್ತರದ ಮೇಲೆ ಗವಾಕ್ಷಿಯಂಥ ಕಿಟಕಿ. ಯಾರಿಗಾದರೂ ಪೆಟ್ಟು ಮಾಡಿದವರನ್ನು ಅಲ್ಲಿ ಇಡುತ್ತಾರಂತೆ. ಅವಳು ಆ ಕಡೆ ಎರಡನೇ ಸಲ ನೋಡಲಿಲ್ಲ. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದ್ದಳು, ಒಂದಲ್ಲ, ನಾಲ್ಕು ಸಲ. ನಾಲ್ಕು ಸಲವೂ ಅವನು "ಓಹೋ, ಹಾಗಾ" ಎಂದು ತಲೆಯಾಡಿಸಿ ಮರೆತಿದ್ದ.

ಸರಿ, ಕಾರು ಓಡಿಸುವವರು ಯಾರು ಅನ್ನುತ್ತೀರಾ? ಅವನೇ! ತಲೆ ಸರಿಯಿದ್ದವರು ಯಾರಾದರೂ ಒಪ್ಪುವ ಮಾತೇ ಇದು? ಡಾಕ್ಟರಿಗೇನಾದರೂ ಗೊತ್ತಾಗಿದ್ದರೆ ಅವಳ ಮೈಚಳಿ ಬಿಡಿಸಿಬಿಡುತ್ತಿದ್ದರು. ಆದರೆ ಅವಳಿಗೆ ಓಡಿಸಲು ಬರುವುದಿಲ್ಲ. ಪಕ್ಕದ ಮನೆಯವರ ವ್ಯಾನಿನಲ್ಲಿ ಕೂರಿಸಿ ಒಮ್ಮೆ ನೋಡಿದ್ದಾಯಿತು. ನಿಧಾನಪ್ಪ ಬೀದಿಯ ಕೊನೆ ಮುಟ್ಟುವುದರೊಳಗೆ ಹಿಂದಿನ ಸೀಟಿನಿಂದ ಕೈಚಾಚಿ ಸ್ಟಿಯರಿಂಗ್ ಹಿಡಿದು ಎಳೆದು, ವ್ಯಾನನ್ನು ಚರಂಡಿಗೆ ಇಳಿಸಿದ್ದ. ಬೇರೆಯವರ ಹಿಂದೆ ಕೂರುವುದು ಅವನ ಹಣೆಯಲ್ಲೇ ಬರೆದಿರಲಿಲ್ಲ. ಬಾಚಣಿಗೆ ಯಾವುದು, ಹಲ್ಲುಜ್ಜುವ ಬ್ರಶ್ಶು ಯಾವುದು ಎಂದು ತಿಳಿಯದವನು ಡ್ರೈವರ್ ಸೀಟಿನಲ್ಲಿ ಕೂತನೆಂದರೆ ಮಾತ್ರ ಬೇರೆಯೇ ಮನುಷ್ಯ. ಕ್ಲಚ್ಚು, ಗೇರು, ಕನ್ನಡಿ, ತಿರುವಿಗೆ ಮುಂಚೆ ಹಾರನ್ನು, ಒಂದೂ ತಪ್ಪುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಮನೆಯೊಳಗೆ ಅವನಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಮೂರು ವಾರದ ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳನ್ನು ಕಳ್ಳಿ ಎಂದು ಹಿಡಿದು ಕೈ ತಿರುಚಿದ್ದ. ಮಣಿಕಟ್ಟು ಲಟಕ್ಕೆಂದಿತ್ತು. ಮಕ್ಕಳಿಲ್ಲದ ಮನೆ, ಕೂಗಿದರೆ ಬರುವವರಿಲ್ಲ. ಅದಕ್ಕೂ ಮೊದಲಿನಿಂದ ತಿಂಗಳುಗಟ್ಟಲೆ ಅವಳು ಒಂದು ಕಣ್ಣು ತೆರೆದೇ ಮಲಗಿದ್ದಳು. ಆದರೆ ಕಾರಿನಲ್ಲಿ ಕೂತರೆ? ಅವಳತ್ತ ತಿರುಗಿ, ನಕ್ಕು, "ಏನು ಕಂಡಕ್ಟರೇ, ಹೊರಡೋಣ್ವಾ?" ಅನ್ನುತ್ತಿದ್ದ. ಹೆಂಡತಿ ಮರೆತುಹೋಗಿದ್ದಳು, ಕಂಡಕ್ಟರು ಮರೆತುಹೋಗಿರಲಿಲ್ಲ. ನಲವತ್ತೆರಡು ವರ್ಷದ ಹಿಂದಿನ, ಇನ್ನೂ ಮದುವೆಯಾಗದ, ಅವನು ನೀವು ತಾವು ಎಂದು ಮಾತಾಡಿಸುತ್ತಿದ್ದ ಹೊಸ ಕಂಡಕ್ಟರು.

ಅವಳಿಗೆ ಅಷ್ಟು ಸಾಕಿತ್ತು. ಯಾಕೆಂದರೆ ಅವಳು ಹೇಳಬೇಕಾದ ಮಾತೊಂದಿತ್ತು, ಅದನ್ನು ಆ ಡ್ರೈವರಿಗೇ ಹೇಳಬೇಕಿತ್ತು. ಆರೈಕೆ ಮನೆಯ ಗೇಟು ದಾಟುವುದಕ್ಕೆ ಮುಂಚೆ, ಅವನಿಗೆ ತನ್ನ ಮುಖದ ಗುರುತು ಇರುವಾಗಲೇ, ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿತ್ತು. ಅವನು ಬಯ್ಯಲಿ, ಹೊಡೆಯಲಿ, ಹೋಗಲಿ ಬಿಡು ಅನ್ನಲಿ. ಏನಾದರೂ ಒಂದು ಅನ್ನಲಿ. ಅದಕ್ಕೇ ಒಂದೂವರೆ ಗಂಟೆಯ ಹೆದ್ದಾರಿ ಬಿಟ್ಟು ಕಡಲ ರಸ್ತೆ ಹಿಡಿದದ್ದು. ಅದು ಅವರ ಹಳೆಯ ಬಸ್ಸಿನ ದಾರಿ.

ಮೊದಲನೇ ಸ್ಟಾಪು ದೀಪಸ್ತಂಭ. ಅಲ್ಲಿ ಈಗ ಸ್ಟಾಪೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಬಾಗಿಲೆಳೆದ ಒಂದು ಗೂಡಂಗಡಿ ಬಿಸಿಲಿಗೆ ಬಣ್ಣ ಕಳೆದುಕೊಂಡು ನಿಂತಿತ್ತು. ನಿಧಾನಪ್ಪ ಕಾರನ್ನು ಎಡಕ್ಕೆ ತಂದು ನಿಲ್ಲಿಸಿ, ಗೇರಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತ. ಕಡಲು ನೋಡುತ್ತಿದ್ದಾನೆ ಪಾಪ ಎಂದುಕೊಂಡಳು. ಎರಡು ನಿಮಿಷವಾಯಿತು, ಮೂರಾಯಿತು.

"ಕಂಡಕ್ಟರೇ, ನಿದ್ದೆ ಹೊಡೀತಾ ಇದ್ದೀರಾ?" ಅಂದ ಅವನು. "ಜನ ಹತ್ತಿ ಆಯ್ತಲ್ಲ?"

ಆಗ ಅವಳಿಗೆ ಹೊಳೆಯಿತು. ಅವರ ಕಾಲದ ಬಸ್ಸಿನಲ್ಲಿ ಗಂಟೆಯೂ ಇರಲಿಲ್ಲ, ಸೀಟಿಯೂ ಇರಲಿಲ್ಲ. ಬಸ್ಸಿನ ಮೈಗೆ ಅಂಗೈಯಲ್ಲಿ ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೊರಡು. ಡ್ರೈವರು ಹಿಂದೆ ತಿರುಗಿ ನೋಡುವುದಿಲ್ಲ. ಹಿಂದಿನದೆಲ್ಲ ಕಂಡಕ್ಟರಿನ ಕಣ್ಣಿಗೆ ಬಿಟ್ಟದ್ದು. ಆ ಎರಡು ಬಡಿತ ಬಿದ್ದ ಮೇಲೆ ಅವನಿಗೆ ಇನ್ನೇನೂ ವಿಚಾರಿಸುವ ಹಕ್ಕಿಲ್ಲ. ಅವಳು ಕಿಟಕಿಯಿಂದ ಎಡಗೈ ಹೊರಹಾಕಿ ಬಾಗಿಲ ತಗಡಿಗೆ ಎರಡು ಬಡಿದಳು. ಕಾರು ಹೊರಟಿತು.

ಆಮೇಲೆ ಎಲ್ಲ ಸ್ಟಾಪಿನಲ್ಲೂ ಇದೇ ಆಟ. ಹಿಂದೆ ಬರುತ್ತಿದ್ದ ಲಾರಿಗಳು ಹಾರನ್ನು ಬಡಿದೂ ಬಡಿದೂ, ಪಕ್ಕದಲ್ಲಿ ಹಾದುಹೋಗುವಾಗ ಏನೇನೋ ಬೈದು ಹೋದವು. ನಿಧಾನಪ್ಪ ಕ್ಯಾರೇ ಅನ್ನಲಿಲ್ಲ. ಎಡಕ್ಕೆ ಕಡಲು ಬೆಳಗಿನ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತಿತ್ತು. ಬಂಡೆಗಳ ಮೇಲೆ ಬಲೆ ಒಣಹಾಕಿದ್ದರು. ಗಾಳಿಗೆ ಅವನ ಬಿಳಿಗೂದಲು ಹಾರುತ್ತಿತ್ತು, ಮುಖದಲ್ಲಿ ಎಂಥದೋ ಕಳೆ.

"ಮೇಷ್ಟ್ರು ಇವತ್ತು ಬರ್ಲಿಲ್ವಾ?" ಎಂದು ಶಾಲೆಯ ಹತ್ತಿರ ಕೇಳಿದ.

"ರಜಾ ಹಾಕಿದ್ದಾರೆ," ಅಂದಳು. ಆ ಮೇಷ್ಟ್ರು ಸತ್ತು ಇಪ್ಪತ್ತು ವರ್ಷ.

"ಹಾಗಾದ್ರೆ ಮಕ್ಕಳಿಗೆ ಸುಗ್ಗಿ. ಆ ಜಗಳಗಂಟಿ ಹತ್ತಿದ್ಳಾ?"

"ಹತ್ತಿದ್ಳು. ಕಿಟಕಿ ಸೀಟೇ ಬೇಕಂತೆ."

"ಕೊಡಿ, ಕೊಡಿ! ಇಲ್ಲಾಂದ್ರೆ ಕೊನೇ ಸ್ಟಾಪಿನವರೆಗೂ ನಮ್ಮಿಬ್ಬರ ತಲೆ ತಿಂತಾಳೆ. ಮೊನ್ನೆ ನನ್ನ ಬೆನ್ನ ಹಿಂದೇನೇ ನಿಂತು ಹೇಳ್ತಾಳೆ, ಈ ಡ್ರೈವರಿಗಿಂತ ನಮ್ಮ ಎಮ್ಮೆ ಜೋರಾಗಿ ಓಡುತ್ತೆ ಅಂತ."

"ನೀವೇನಂದ್ರಿ?"

"ನಾಳೆಯಿಂದ ಎಮ್ಮೆ ಮೇಲೇ ಬನ್ನಿ ಅಮ್ಮ, ಟಿಕೆಟ್ಟೂ ಉಳಿಯುತ್ತೆ ಅಂದೆ."

ಕಂಡಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು! ನಕ್ಕ ಮೇಲೆ ಸಂಕಟವಾಯಿತು. ಹೀಗೇ ಹೋಗುತ್ತಾ ಇದ್ದರೆ, ಕೊನೆಯ ಸ್ಟಾಪಿನಲ್ಲಿ ತಿರುಗಿಸಿಕೊಂಡು ಮತ್ತೆ ಮೊದಲಿಗೆ ಬಂದರೆ, ಸಾಯುವವರೆಗೂ ಈ ದಾರಿಯಲ್ಲೇ ಓಡಾಡಿಕೊಂಡಿದ್ದರೆ ಯಾರಿಗೇನು ನಷ್ಟ? ಆದರೆ ಕಾರು ಎಲ್ಲಿಯಾದರೂ ನಿಲ್ಲಲೇಬೇಕು, ಅವನು ಇಳಿಯಲೇಬೇಕು, ಇಳಿದ ಕೂಡಲೇ ಅವಳು ಕಳ್ಳಿಯಾಗಲೇಬೇಕು. ಅವಳು ಮಡಿಲಲ್ಲಿದ್ದ ಪ್ಲಾಸ್ಟರು ಕೈಯನ್ನು ನೋಡಿಕೊಂಡಳು.

ಮಧ್ಯಾಹ್ನ ಸೇತುವೆಯ ಪಕ್ಕ ನಿಲ್ಲಿಸಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಅವನು ಸೀಟು ಬಿಟ್ಟು ಇಳಿಯದ ಹಾಗೆ ಅಲ್ಲೇ ಕೈಗೆ ಕೊಟ್ಟಳು. ಮೊಟ್ಟೆಯ ಹಳದಿಯನ್ನು ಅವನು ತೆಗೆದು ಅವಳ ಕಡೆ ಚಾಚಿದ, ಎಂದಿನ ಹಾಗೆ. ಮದುವೆಯಾದ ಮೇಲೆ ಬಂದ ಅಭ್ಯಾಸ ಅದು. ಕೈಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಸೇತುವೆ ದಾಟಿದರೆ ಮುಂದಿನದು ಉಪ್ಪಿನ ಗೋದಾಮು.

ಆ ಸ್ಟಾಪಿನಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅವಳು ಕೆಲಸಕ್ಕೆ ಸೇರಿ ಆಗ ನಾಲ್ಕು ತಿಂಗಳು. ತಾಯಿ, ಮೂವರು ತಂಗಿಯರು, ಅಷ್ಟು ಹೊಟ್ಟೆಗೂ ಅವಳೊಬ್ಬಳ ದುಡಿಮೆ. ಬಸ್ಸಿಗೆ ಎರಡು ಬಾಗಿಲು, ಮುಂದೊಂದು, ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂಚೆ ಹಿಂದೊಂದು. ಬಸ್ಸು ತುಂಬಿ ತುಳುಕುವಾಗ ಬಗ್ಗಿ ನೋಡುವುದಕ್ಕೆಲ್ಲಿ ಪುರುಸೊತ್ತು? ಪಳಗಿದ ಕಂಡಕ್ಟರುಗಳು ಹಿಂದಿನ ಬಾಗಿಲು ಹಾಕಿದ ಸದ್ದು ಕೇಳಿಯೇ ಎರಡು ಬಡಿಯುತ್ತಿದ್ದರು. ಇವಳೂ ನಾಲ್ಕು ತಿಂಗಳಿಗೇ ಪಳಗಿದವಳ ಹಾಗೆ ಮೆರೆಯಲು ಹೋದಳು. ಅವತ್ತು ಬಾಗಿಲು ಹಾಕಿದ ಸದ್ದು ಕೇಳಿತು, ಎರಡು ಬಡಿದಳು. ಸದ್ದಾಗಿದ್ದು ಮುಂದಿನ ಬಾಗಿಲು. ಹಿಂದಿನ ಬಾಗಿಲಿನ ಮೆಟ್ಟಿಲಲ್ಲಿ ಇಳಿಯುತ್ತಿದ್ದ ಒಬ್ಬ ಮುದುಕಿ ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟುಕೊಂಡು ತನ್ನ ಬುಟ್ಟಿ ಎಳೆದುಕೊಳ್ಳುತ್ತಿದ್ದಳು. ಹಿಂದಿನ ಚಕ್ರ ಅವಳ ಮೇಲೆ ಹರಿಯಿತು.

ಸೇರಿದ ಜನ ನಿಧಾನಪ್ಪನನ್ನು ಸೀಟಿನಿಂದ ಎಳೆದು ಹಾಕಿ ಹೊಡೆದರು. ಮುಂದಿನ ಎರಡು ಹಲ್ಲು ಅವತ್ತೇ ಹೋದವು. ವಾರದ ಮೇಲೆ ಇಲಾಖೆಯ ವಿಚಾರಣೆ. ಅವನು ಒಳಗೆ ಹೋಗಿ, "ಕಂಡಕ್ಟರು ಬಡಿದಿರಲಿಲ್ಲ, ನನಗೇ ಅವಸರವಾಗಿ ಎತ್ತಿಬಿಟ್ಟೆ" ಎಂದು ಹೇಳಿಕೆ ಕೊಟ್ಟ. ಅವಸರ! ನಿಧಾನಪ್ಪನಿಗೆ! ಡಿಪೋದ ಗೋಡೆಗೂ ಗೊತ್ತಿತ್ತು ಅದು ಸುಳ್ಳೆಂದು. ಆದರೆ ಯಾರಾದರೊಬ್ಬರ ತಲೆಗೆ ಕಟ್ಟಬೇಕಿತ್ತು, ತಲೆ ಕೊಡುವವನು ತಾನಾಗಿ ಬಂದಿದ್ದ. ಆಮೇಲೆ ಅವಳನ್ನು ಕರೆದು ಅದು ನಿಜವೇ ಎಂದು ಕೇಳಿದರು. ಅವಳು ತಲೆ ತಗ್ಗಿಸಿಕೊಂಡು ಹೌದು ಅಂದಳು. ಕೋರ್ಟಿನಲ್ಲೂ ಅದೇ ಮಾತು ನಿಂತಿತು. ಅವನು ಒಂದು ವರ್ಷ ಜೈಲಿನಲ್ಲಿದ್ದು, ಹೊರಬಂದು ಐದು ವರ್ಷ ಡಿಪೋದಲ್ಲಿ ಬಸ್ಸು ತೊಳೆದ. ಅವನು ತೊಳೆಯುತ್ತಿದ್ದ ಕಾಲದಲ್ಲೇ ಇಬ್ಬರಿಗೂ ಮದುವೆಯಾಯಿತು. "ಕೊಲೆಗಡುಕನ ಕೈ ಹಿಡಿದಳಲ್ಲ, ಎಂಥಾ ದೊಡ್ಡ ಮನಸ್ಸು!" ಎಂದು ಜನ ಅವಳನ್ನು ಹಾಡಿ ಹೊಗಳಿದರು. ನಲವತ್ತು ವರ್ಷ ಆ ಹೊಗಳಿಕೆಯನ್ನು ಅವಳು ಕಹಿ ಔಷಧಿ ಕುಡಿದ ಹಾಗೆ ಕುಡಿದಳು. ಒಂದು ಸಲ ಬಾಯಿ ತೆರೆಯಲು ಹೋಗಿದ್ದಳು. ಅವನು ಅನ್ನದ ತಟ್ಟೆ ಬಿಟ್ಟು ಎದ್ದು ಹೋಗಿದ್ದ. ಆಮೇಲೆ ಆ ಮಾತೇ ಬರಲಿಲ್ಲ.

ಗೋದಾಮಿನ ಗೋಡೆ ಈಗ ಅರ್ಧ ಕುಸಿದಿತ್ತು. ನಿಧಾನಪ್ಪ ನಿಲ್ಲಿಸಿದ, ಗೇರಿನ ಮೇಲೆ ಕೈಯಿಟ್ಟ. ಅವಳು ಬಡಿಯಲಿಲ್ಲ. ಎಂಜಿನ್ನು ತನ್ನ ಪಾಡಿಗೆ ಗುರುಗುಡುತ್ತಿತ್ತು.

"ಡ್ರೈವರೇ, ಎಂಜಿನ್ ಆಫ್ ಮಾಡಿ. ಒಂದು ಮಾತಿದೆ."

ಅವನು ಆಫ್ ಮಾಡಿದ.

"ಅವತ್ತು ಇಲ್ಲಿ ಎರಡು ಬಡಿದದ್ದು ನಾನು," ಅಂದಳು. ನಲವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು, ಹೇಳಿದರೆ ಎಷ್ಟು ಚಿಕ್ಕದು! "ಮುದುಕಿ ಇನ್ನೂ ಇಳಿದಿರಲಿಲ್ಲ. ನಾನು ನೋಡ್ಲಿಲ್ಲ. ಸದ್ದು ಕೇಳಿ ಬಡಿದುಬಿಟ್ಟೆ. ತಪ್ಪು ನಂದು. ನಿಮ್ದು ಏನೇನೂ ಇರಲಿಲ್ಲ. ನೀವು ಜೈಲಿಗೆ ಹೋದ್ರಿ, ನಾನು ಸುಮ್ಮನಿದ್ದೆ. ನನ್ನ ಕ್ಷಮಿಸಿಬಿಡಿ."

ಅವನು ಅವಳನ್ನೇ ನೋಡಿದ. ಕಣ್ಣು ತಿಳಿಯಾಗಿತ್ತು. ಕೇಳಿಸಿಕೊಂಡಿದ್ದ, ಅರ್ಥವಾಗಿತ್ತು. ಅವನು ಕಿಟಕಿಯಾಚೆ ಈ ಕಡೆ ಆ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ.

"ನೋಡಿ ಕಂಡಕ್ಟರೇ, ಇಲ್ಲಿ ಹೇಳಿದ್ರಿ, ಸರಿಹೋಯ್ತು. ವಿಚಾರಣೆಗೆ ಒಳಗೆ ಹೋದಾಗ ಹೀಗೆ ಬಡಬಡಿಸಬೇಡಿ. ನೀವು ಹೊಸಬರು, ಹೆದರಿದ್ದೀರಿ, ಇಲ್ಲದ್ದೆಲ್ಲ ನೆನಪಿಗೆ ಬರುತ್ತೆ. ನೀವು ಬಡೀಲೇ ಇಲ್ಲ. ನಾನೇ ಎತ್ತಿದ್ದು."

"ಅಯ್ಯೋ, ಅದು ನೀವು ಹೇಳಿದ ಸುಳ್ಳು ಕಣ್ರೀ! ನನ್ನ ಕೆಲಸ ಉಳಿಸೋಕೆ ನೀವೇ ಕಟ್ಟಿದ ಸುಳ್ಳು."

"ಸುಳ್ಳು ಯಾಕೆ ಹೇಳ್ಲಿ?" ಅವನ ದನಿ ಒಡೆಯಿತು. "ನನಗೆ ಗೊತ್ತಿಲ್ವಾ? ಕ್ಲಚ್ ಬಿಟ್ಟ ಕಾಲು ಇದೇ ಅಲ್ವಾ? ಚಕ್ರ ಹತ್ತಿ ಇಳಿದದ್ದು ಸೀಟಿಗೆ ಗೊತ್ತಾಯ್ತು. ದಿನಾ ಗೊತ್ತಾಗುತ್ತೆ. ಮಲಗಿದ್ರೂ ಹತ್ತಿ ಇಳಿಯುತ್ತೆ. ಆ ತಾಯಿಯನ್ನ ನಾನೇ ಕೊಂದೆ."

ಹೇಳುತ್ತಾ ಹೇಳುತ್ತಾ ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ. ಆಗ ಕಂಡಕ್ಟರಮ್ಮನಿಗೆ ತಿಳಿಯಿತು. ಅವನು ತನ್ನನ್ನು ಕಾಪಾಡುತ್ತಿಲ್ಲ, ನಂಬಿಬಿಟ್ಟಿದ್ದಾನೆ. ಯಾವಾಗಿನಿಂದಲೋ ಏನೋ! ಹೇಳಿದ್ದನ್ನೇ ಹೇಳಿಕೊಂಡು, ಜೈಲಿನಲ್ಲಿ ಅದೇ, ಡಿಪೋದಲ್ಲಿ ಅದೇ, ಬೀದಿಯವರ ಬಾಯಲ್ಲಿ ಅದೇ. ಅವಳಿಗಾಗಿ ಹೊತ್ತ ಸುಳ್ಳು ಅವನಿಗೆ ನಿಜವಾಗಿಬಿಟ್ಟಿತ್ತು. ಹೆಂಡತಿಯ ಮುಖ ಅಳಿಸಿಹೋಯಿತು, ತಿಂದ ಊಟ, ಮಲಗುವ ಕೋಣೆ, ತನ್ನ ತಾಯಿಯ ಹೆಸರು ಎಲ್ಲ ಅಳಿಸಿಹೋಯಿತು, ಇದೊಂದು ಮಾತ್ರ ಉಳಿದಿತ್ತು. ಇನ್ನು ಕ್ಷಮಿಸುವುದೆಲ್ಲಿ? ಕ್ಷಮಿಸಲು ಅವನ ಬಳಿ ಅವಳ ತಪ್ಪೇ ಇರಲಿಲ್ಲ.

"ರೀ," ಎಂದು ಅವನ ಬೆನ್ನ ಮೇಲೆ ಕೈಯಿಟ್ಟಳು. "ರೀ, ಇಲ್ಲಿ ನೋಡಿ."

ಅವನು ತಟ್ಟನೆ ತಲೆಯೆತ್ತಿ ಕಣ್ಣೊರೆಸಿಕೊಂಡ. "ಹೊತ್ತಾಯ್ತು. ವಿಚಾರಣೆಗೆ ತಡವಾಗುತ್ತೆ," ಅಂದವನೇ ಎಂಜಿನ್ನು ಚಾಲೂ ಮಾಡಿದ. ಅವಳ ಬಡಿತಕ್ಕೆ ಕಾಯಲಿಲ್ಲ.

ಅಲ್ಲಿಂದ ಮುಂದೆ ಒಂದು ಸ್ಟಾಪಿನಲ್ಲೂ ಕಾರು ನಿಲ್ಲಲಿಲ್ಲ. ಐಸ್ ಕಾರ್ಖಾನೆ ಹೋಯಿತು, ದೋಣಿ ಕಟ್ಟೆ ಹೋಯಿತು. ತನ್ನ ಜನ್ಮದಲ್ಲಿ ಐವತ್ತು ದಾಟಿಸದ ನಿಧಾನಪ್ಪ ಆ ಹಾವಿನಂಥ ರಸ್ತೆಯಲ್ಲಿ ಎಂಬತ್ತರಲ್ಲಿ ಓಡಿಸುತ್ತಿದ್ದ. ಬಂಡೆಯ ತಿರುವಿನಲ್ಲಿ ಎದುರಿಗೆ ಬಂದ ಟೆಂಪೋ ಒಂದು ಗೇಣಿನಲ್ಲಿ ತಪ್ಪಿತು. ಕೆಳಗೆ ನೂರಡಿ, ಅದರ ಕೆಳಗೆ ಕಡಲು. "ನಿಧಾನ, ನಿಧಾನ!" ಎಂದು ಅವಳು ಬಾಗಿಲಿಗೆ ಒಂದು ಬಡಿದಳು, ಮತ್ತೆ ಒಂದು ಬಡಿದಳು, ನಿಲ್ಲಿಸಿ ಎಂದು. ಅವನ ಕಿವಿಗೆ ಅದು ಬೀಳಲೇ ಇಲ್ಲ. ತುಟಿ ಪಿಟಿಪಿಟಿ ಅನ್ನುತ್ತಿತ್ತು. ಒಳಗೆ ಹೇಳಬೇಕಾದ ಹೇಳಿಕೆಯನ್ನು ಬಾಯಿಪಾಠ ಮಾಡುತ್ತಿದ್ದ. ಸತ್ತರೆ ಇಬ್ಬರೂ ಒಟ್ಟಿಗೇ ಸಾಯೋಣ, ಎಲ್ಲ ಇಲ್ಲಿಗೇ ಮುಗಿಯಲಿ ಎಂದು ಒಂದು ಗಳಿಗೆ ಅವಳಿಗನ್ನಿಸಿತು. ನಿಜವಾಗಿಯೂ ಅನ್ನಿಸಿತು. ಆಮೇಲೆ ಹೆದರಿಕೆಯಿಂದ ಸೀಟಿನಂಚು ಹಿಡಿದು ಕಣ್ಣು ಮುಚ್ಚಿದಳು.

ಆರೈಕೆ ಮನೆ ಮುಟ್ಟಿದಾಗ ಗಂಟೆ ಮೂರೂಕಾಲು. ಅವನು ಗೇಟಿನೊಳಗೆ ತಂದು, ಗೆರೆಯ ನಡುವೆ ಅಚ್ಚುಕಟ್ಟಾಗಿ ನಿಲ್ಲಿಸಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಅವಳಿಗಿಂತ ಮುಂಚೆ ಇಳಿದ. ಕಟ್ಟಡ, ಬೆಂಚು, ಗೋಡೆ ಗಡಿಯಾರ, ಮೇಜಿನ ಹಿಂದೆ ಕನ್ನಡಕದ ಹೆಂಗಸು. ಅವನಿಗೆ ಅನುಮಾನವೇ ಉಳಿಯಲಿಲ್ಲ, ವಿಚಾರಣೆಗೆ ಕರೆದ ಕಡೆಗೇ ಬಂದಿದ್ದೇನೆ ಎಂದು.

ಆ ಹೆಂಗಸು ಅಲ್ಲಿನ ಮೇಲ್ವಿಚಾರಕಿ. ಕೆಟ್ಟವಳಲ್ಲ. ಇಬ್ಬರಿಗೂ ನೀರು ತರಿಸಿಕೊಟ್ಟು, ನಾಲ್ಕು ಪುಟದ ಫಾರಂ ತೆಗೆದಳು. ಸಕ್ಕರೆ ಕಾಯಿಲೆ? ಇಲ್ಲ. ರಕ್ತದೊತ್ತಡ? ಇದೆ, ಮಾತ್ರೆ ತಂದಿದ್ದೇನೆ. ಒಬ್ಬರೇ ಸ್ನಾನ ಮಾಡುತ್ತಾರಾ? ಹೇಳಿಕೊಡಬೇಕು. ಮೂರನೇ ಪುಟಕ್ಕೆ ಬಂದಳು.

"ಯಾರಿಗಾದ್ರೂ ಪೆಟ್ಟು ಮಾಡಿದ್ದುಂಟಾ?"

"ಇಲ್ಲ," ಅಂದಳು ಕಂಡಕ್ಟರಮ್ಮ.

"ನಿಮ್ಮ ಕೈಗೆ ಏನಾಯ್ತು?"

"ಬಚ್ಚಲಲ್ಲಿ ಜಾರಿ ಬಿದ್ದೆ."

ಮೇಲ್ವಿಚಾರಕಿ ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು. ಪೆನ್ನು ಕಾಗದದ ಮೇಲೆ ತಡೆದು ನಿಂತಿತು. ಅಷ್ಟರಲ್ಲಿ ನಿಧಾನಪ್ಪ ಕುರ್ಚಿಯಿಂದ ಎದ್ದು, ಕೈ ಕಟ್ಟಿಕೊಂಡು ನಿಂತ.

"ಮೇಡಂ, ನನ್ನ ಹೇಳಿಕೆ ಬರ್ಕೊಳ್ಳಿ. ಪೆಟ್ಟು ಮಾಡಿದ್ದು ನಾನು. ಒಬ್ಬರು ಹೆಂಗಸು ಸತ್ತರು. ನನಗೆ ಅವಸರ ಇತ್ತು. ಬೇರೆ ಯಾರ ತಪ್ಪೂ ಇಲ್ಲ."

"ಏನಿದು?" ಎಂದು ಮೇಲ್ವಿಚಾರಕಿ ಕಂಡಕ್ಟರಮ್ಮನತ್ತ ತಿರುಗಿದಳು. "ಕೇಸು ಆಗಿತ್ತಾ? ಜೈಲಿಗೆ ಹೋಗಿದ್ರಾ?"

"ಹೋಗಿದ್ರು, ಆದ್ರೆ..." ಕಂಡಕ್ಟರಮ್ಮ ಎದ್ದು ನಿಂತಳು. ಮುಂದಿನ ಕಟ್ಟಡದ ಕಿಟಕಿ ಕಣ್ಣ ಮುಂದೆ ಬಂತು. "ಅವರಲ್ಲ ಮೇಡಂ. ನಾನು! ನಾನು ಕಂಡಕ್ಟರಾಗಿದ್ದೆ. ನೋಡದೆ ಬಸ್ಸು ಹೊರಡಿಸಿದ್ದು ನಾನು. ಇವರು ನನ್ನ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ಇವರು ಒಂದು ಇರುವೆಗೂ ನೋವು ಮಾಡಿದವರಲ್ಲ. ಬೇಕಾದ್ರೆ ಬರೆದುಕೊಡ್ತೀನಿ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

"ಅವರ ಮಾತು ಕೇಳ್ಬೇಡಿ ಮೇಡಂ!" ಎಂದು ನಿಧಾನಪ್ಪ ಮೇಜಿಗೆ ಗುದ್ದಿದ. ನೀರಿನ ಲೋಟ ಉರುಳಿತು. "ಹೊಸ ಹುಡುಗಿ, ಹೆದರಿದ್ದಾಳೆ! ಅವಳದ್ದು ಬರೀಬೇಡಿ! ನನ್ನದು ಬರೀರಿ!"

ಮೇಲ್ವಿಚಾರಕಿ ಗಾಬರಿಯಾಗಲಿಲ್ಲ. ಫಾರಂ ಒದ್ದೆಯಾಗದಂತೆ ಎತ್ತಿ ಹಿಡಿದು, ಗಂಟೆ ಒತ್ತಿದಳು. ಆಮೇಲೆ ಎದ್ದು ಬಂದು ಕಂಡಕ್ಟರಮ್ಮನ ಪಕ್ಕ ಕೂತು, ಪ್ಲಾಸ್ಟರಿನ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಅಮ್ಮ, ನಾನು ಇಲ್ಲಿ ಹದಿನೇಳು ವರ್ಷದಿಂದ ಇದ್ದೀನಿ. ಇದು ಬಚ್ಚಲಲ್ಲಿ ಬಿದ್ದ ಕೈ ಅಲ್ಲ ಅಂತ ನನಗೆ ಗೊತ್ತಾಗಲ್ವಾ? ಎಲ್ಲಾ ಹೆಂಡಂದಿರೂ ಹೀಗೇ ಹೇಳ್ತಾರೆ. ನಂದೇ ತಪ್ಪು, ನಾನೇ ಬಿದ್ದೆ, ಅವರು ಇರುವೆಗೂ ನೋವು ಮಾಡಲ್ಲ. ಇನ್ನೆಷ್ಟು ದಿನ ಅವರದ್ದನ್ನೆಲ್ಲ ನೀವು ಮುಚ್ಚಿಡ್ತೀರಿ?"

"ಕೈ ವಿಷಯ ಸುಳ್ಳು ಹೇಳಿದೆ, ಒಪ್ತೀನಿ. ಆದ್ರೆ ಇದು ಸತ್ಯ! ದೇವರಾಣೆ ಸತ್ಯ!"

"ಆಯ್ತು ಅಮ್ಮ, ಆಯ್ತು," ಅಂದಳು ಮೇಲ್ವಿಚಾರಕಿ, ಕಾಯಿಲೆಯವರಿಗೆ ಅನ್ನುವ ದನಿಯಲ್ಲಿ.

ಇಬ್ಬರು ಆಳುಗಳು ಬಂದು ನಿಧಾನಪ್ಪನ ಎರಡು ಬದಿಗೂ ನಿಂತರು. ಮೇಲ್ವಿಚಾರಕಿ ಕುರ್ಚಿಗೆ ಮರಳಿ ಬರೆದಳು, ಬರೆದದ್ದನ್ನು ತಿರುಗಿಸಿ ಕಂಡಕ್ಟರಮ್ಮನ ಮುಂದೆ ಇಟ್ಟಳು. ಹಿಂದಿನ ಕಟ್ಟಡವೇ ಆಗಬೇಕು, ಅದು ನಿಯಮ ಅಂದಳು. ಮೇಲಿಂದ ಬೆಳಕು ಬರುತ್ತದೆ, ಗಾಳಿಗೇನೂ ಕೊರತೆಯಿಲ್ಲ. ಬಲವಂತವಿಲ್ಲ, ಒಪ್ಪಿಗೆ ಇಲ್ಲದಿದ್ದರೆ ಸಹಿ ಹಾಕದೆ ಈಗಲೇ ಮನೆಗೆ ಕರೆದುಕೊಂಡು ಹೋಗಬಹುದು.

ಮನೆಗೆ. ಕಂಡಕ್ಟರಮ್ಮ ಆ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಆಡಿಕೊಂಡಳು. ಅಡುಗೆಮನೆ, ಹಜಾರ, ಒಳಗಿನಿಂದ ಬೀಗ ಹಾಕಿದ ಬಾಗಿಲು, ತನ್ನ ಕೈ ಹಿಡಿದು ತಿರುಚಿದ ಅವನ ಕೈ.

ನಿಧಾನಪ್ಪ ಜಗಳವಾಡಲಿಲ್ಲ. ಕೆಲಸ ಮುಗಿಸಿದವನ ಹಾಗೆ ಅವನ ಮುಖ ಹಗುರಾಗಿತ್ತು. ಆಳುಗಳ ಜೊತೆ ಬಾಗಿಲವರೆಗೆ ಹೋದವನು ಒಂದು ನಿಮಿಷ ಎಂದು ಅವರನ್ನು ತಡೆದು, ವಾಪಸು ಬಂದು, ಮೇಜಿನ ಮೇಲಿದ್ದ ಕಾಗದವನ್ನು ಬಗ್ಗಿ ನೋಡಿದ. ಬೆರಳಿಟ್ಟು ಸಾಲು ಸಾಲಾಗಿ ನೋಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿದ.

"ಪೂರ್ತಿ ನೋಡಿದೆ. ನಿಮ್ಮ ಹೆಸರು ಎಲ್ಲೂ ಬಂದಿಲ್ಲ. ನೀವು ಧೈರ್ಯವಾಗಿ ಮನೆಗೆ ಹೋಗಿ."

ಅವನು ಹೋದ. ಹೆಜ್ಜೆಯ ಸದ್ದು ಓಣಿಯಲ್ಲಿ ಹಿಂದಿನ ಕಟ್ಟಡದ ಕಡೆ ತಿರುಗುವವರೆಗೂ ಕೇಳಿಸಿತು. ಮೇಲ್ವಿಚಾರಕಿ ಪೆನ್ನಿನ ಕ್ಯಾಪು ತೆಗೆದು ಕೈಗೆ ಕೊಟ್ಟಳು. ಹಿಂದೆ ಒಬ್ಬರ ಸಾವಿಗೆ ಕಾರಣರಾ ಎಂಬ ಸಾಲಿನ ಎದುರು ಹೌದು ಎಂದಿತ್ತು. ಕಂಡಕ್ಟರಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಎಡಗೈಯಲ್ಲಿ, ಕೆಳಗಿದ್ದ ಜಾಗದಲ್ಲಿ, ಸಹಿ ಹಾಕಿದಳು.